ಮಲ್ಲಯ್ಯನನ್ನು ಹುಡುಕಿ ಬಂದ ಬಾಲಕ: ಶಿವಯೋಗಿ ಸಿದ್ಧರಾಮೇಶ್ವರರ ಚರಿತ್ರೆ

ಶ್ರೀಶೈಲ ಬೆಟ್ಟ ಹತ್ತಿ ಬಂದ ಕನ್ನಡ ಭಕ್ತರಿಗೆ ಇದು ಪರವೂರು ಅನ್ನಿಸುವುದೇ ಇಲ್ಲ. ಊರು ಈಗ ಆಂಧ್ರಪ್ರದೇಶದ ನಂದ್ಯಾಲ ಜಿಲ್ಲೆಯಲ್ಲಿದೆ. ಆದರೂ ಯುಗಾದಿ ಬಂತೆಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ, ರಾಯಚೂರು ಕಡೆಯ ಲಕ್ಷಾಂತರ ಜನ ಹೆಗಲ ಮೇಲೆ ಕಂಬಿ ಹೊತ್ತು, ಬಾಯಲ್ಲಿ ಮಲ್ಲಯ್ಯನ ಹೆಸರು ಹೇಳುತ್ತ ಬರುತ್ತಾರೆ. ವೆಂಕಟಾಪುರದ ಹತ್ತಿರ ಕಾಡು ಹೊಕ್ಕು, ನಾಗಲೂಟಿ, ಪೆಚ್ಚೆರುವು, ಭೀಮನಕೊಳ್ಳ ದಾಟಿ, ಕೈಲಾಸ ದ್ವಾರದ ಮೆಟ್ಟಿಲು ಏರಿ ಬರುವ ಆ ನಲ್ಲಮಲೆಯ ಕಾಲುದಾರಿಯನ್ನು ನಡೆದವರೇ ಬಲ್ಲರು. ಭ್ರಮರಾಂಬೆಯನ್ನು ನಮ್ಮ ಜನ ಮನೆಮಗಳು ಎಂದೇ ತಿಳಿದಿದ್ದಾರೆ. ಹಬ್ಬಕ್ಕೆ ಮಗಳ ಮನೆಗೆ ಹೋಗುವವರ ಹಾಗೆ ಸೀರೆ, ಕುಪ್ಪಸ, ಬಳೆ, ಅರಿಶಿಣ ಕುಂಕುಮ ತರುತ್ತಾರೆ.

ಹೀಗೆ ಬಂದವರಲ್ಲಿ ಬಹಳ ಮಂದಿ ಬಾಯಿಬಿಟ್ಟು ಹೇಳದ ಒಂದು ಮಾತಿದೆ. ಅಷ್ಟು ದೂರ ನಡೆದು, ಕಾಲಲ್ಲಿ ಬೊಕ್ಕೆ ಎದ್ದು, ತಾಸುಗಟ್ಟಲೆ ಸರದಿಯಲ್ಲಿ ನಿಂತು ಗರ್ಭಗುಡಿಯ ಮುಂದೆ ಬಂದಾಗ ಮನಸ್ಸು ಖಾಲಿ. ಕಣ್ಣ ಮುಂದೆ ಹನ್ನೆರಡು ಜ್ಯೋತಿರ್ಲಿಂಗಗಳಲ್ಲಿ ಒಂದಾದ ಮಲ್ಲಿಕಾರ್ಜುನ ಇದ್ದಾನೆ, ಒಳಗೆ ಏನೂ ಆಗುತ್ತಿಲ್ಲ. ಹಿಂದಿನವರು ನೂಕುತ್ತಾರೆ, ಮುಂದೆ ಸರಿಯುತ್ತೇವೆ, ಹೊರಗೆ ಬಂದು ಚೆನ್ನಾಗಿ ದರ್ಶನ ಆಯ್ತು ಅಂತ ಹೇಳುತ್ತೇವೆ. ನನ್ನಲ್ಲೇ ಏನೋ ಕೊರತೆ ಇದೆ, ದೇವರಿಗೂ ನನಗೂ ನಡುವೆ ಏನೋ ಅಡ್ಡ ಇದೆ ಅಂತ ಒಳಗೊಳಗೇ ಅಳುಕುವವರು ಎಷ್ಟೋ ಜನ.

ಅಂಥವರು ಸೊನ್ನಲಿಗೆಯ ಸಿದ್ಧರಾಮೇಶ್ವರರ ಚರಿತ್ರೆಯನ್ನು ಅವಶ್ಯ ಓದಬೇಕು. ಎಂಟುನೂರು ವರ್ಷಗಳಿಗೂ ಹಿಂದೆ, ಹನ್ನೆರಡನೆಯ ಶತಮಾನದಲ್ಲಿ, ಇದೇ ಬೆಟ್ಟಕ್ಕೆ ಅಳುತ್ತ ಬಂದ ಒಬ್ಬ ಹುಡುಗ ಇದೇ ಲಿಂಗದ ಮುಂದೆ ನಿಂತು, ಇವನು ನನ್ನ ಮಲ್ಲಯ್ಯ ಅಲ್ಲ ಎಂದುಬಿಟ್ಟ. ಮುಂದೆ ಅದೇ ಹುಡುಗ ಮಹಾ ಶಿವಯೋಗಿಯಾದ.

ದಡ್ಡನೆಂದು ಕರೆಸಿಕೊಂಡವನು

ಸೊನ್ನಲಿಗೆ ಎಂದರೆ ಈಗಿನ ಮಹಾರಾಷ್ಟ್ರದ ಸೊಲ್ಲಾಪುರ. ಸಿದ್ಧರಾಮರ ಬಾಲ್ಯದ ಕಥೆ ನಮಗೆ ಮುಖ್ಯವಾಗಿ ಸಿಗುವುದು ಹದಿಮೂರನೆಯ ಶತಮಾನದ ಮಹಾಕವಿ ರಾಘವಾಂಕನ ಸಿದ್ಧರಾಮ ಚಾರಿತ್ರ ಎಂಬ ಕಾವ್ಯದಲ್ಲಿ. ಹಂಪೆಯ ಹರಿಹರ ಕವಿಯ ಸೋದರಳಿಯನಾದ ರಾಘವಾಂಕ ಷಟ್ಪದಿಯಲ್ಲಿ ಹಾಡಿದ ಆ ಕಥೆಯನ್ನೇ ನಮ್ಮ ಹಿರಿಯರು ಪುರಾಣ ಪ್ರವಚನಗಳಲ್ಲಿ ಹೇಳಿಕೊಂಡು ಬಂದಿದ್ದಾರೆ.

ತಂದೆ ಮುದ್ದುಗೌಡ, ತಾಯಿ ಸುಗ್ಗವ್ವೆ. ಒಕ್ಕಲುತನದ ಮನೆ. ವಯಸ್ಸಾಗುತ್ತ ಬಂದ ಆ ತಾಯಿಗೆ ಶಿವಯೋಗಿಯೊಬ್ಬ ಹುಟ್ಟುತ್ತಾನೆಂದು ರೇವಣಸಿದ್ಧರು ಮೊದಲೇ ಹೇಳಿದ್ದರೆಂಬ ಪ್ರತೀತಿ ಇದೆ. ಆದರೆ ಹುಟ್ಟಿದ ಮಗು ಎಲ್ಲರಂತೆ ಇರಲಿಲ್ಲ. ಮಾತು ಕಡಿಮೆ, ಆಟ ಇಲ್ಲ, ಕರೆದರೆ ಓಗೊಡುವುದಿಲ್ಲ. ಎಲ್ಲೋ ನೋಡುತ್ತ ಕೂತುಬಿಡುವ ಹುಡುಗನನ್ನು ಕಂಡು ಊರಿನವರು ದಡ್ಡ ಎಂದರು. ಯೋಗಿ ಹುಟ್ಟುತ್ತಾನೆ ಅಂದಿದ್ದರಲ್ಲ, ಹೀಗೇಕಾಯಿತು ಎಂದು ತಂದೆ ತಾಯಿ ಕೊರಗಿದರು. ಕೊನೆಗೆ ಬೇರೆ ಕೆಲಸಕ್ಕೆ ಬಾರದವನೆಂದು ದನ ಕಾಯಲು, ಹೊಲ ಕಾಯಲು ಕಳಿಸಿದರು.

ಹುಡುಗನಿಗೆ ಅದೇ ಒಳ್ಳೆಯದಾಯಿತು ಅನ್ನಬೇಕು. ಹೊಲದಲ್ಲಿ ಅವನನ್ನು ದಡ್ಡ ಅನ್ನುವವರು ಯಾರೂ ಇರಲಿಲ್ಲ.

ಒಂದು ದಿನ ಬಿಸಿಲೇರಿದ ಹೊತ್ತಿನಲ್ಲಿ ಒಬ್ಬ ಜಂಗಮ ಹೊಲದ ಬದುವಿನ ಮೇಲೆ ಬಂದ. ಹೆಸರು ಕೇಳಿದರೆ ಮಲ್ಲಯ್ಯ ಎಂದ, ಊರು ಕೇಳಿದರೆ ಶ್ರೀಶೈಲ ಎಂದ. ಹಸಿದು ಬಂದಿದ್ದೇನೆ, ತಿನ್ನಲು ಏನಾದರೂ ಕೊಡು ಎಂದು ಕೇಳಿದ. ಹುಡುಗ ಎಳೆಯ ತೆನೆ ಮುರಿದು, ಬೆಂಕಿಯಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಊದಿ, ಬಿಸಿಬಿಸಿ ಕಾಳು ಕೊಟ್ಟ. ನಮ್ಮ ಕಡೆ ಸೀತನಿ ಅಂತೀವಲ್ಲ, ಅಂಥದ್ದು. ಜಂಗಮ ಎಲ್ಲವನ್ನೂ ತಿಂದ. ತಿಂದವನು ಈ ಬಿಸಿ ಕಾಳು ತಿಂದು ಹೊಟ್ಟೆ ಉರಿಯುತ್ತಿದೆ, ತಂಪಿಗೆ ಮಜ್ಜಿಗೆ ಕಲಸಿದ ಉಣಿಸು ಬೇಕು ಎಂದ. ಮೊಸರನ್ನ ಎಂದು ಕೆಲವರು ಹೇಳುತ್ತಾರೆ, ಮಜ್ಜಿಗೆ ಅಂಬಲಿ ಎಂದು ಕೆಲವರು. ಅದೇನೇ ಇರಲಿ. ಹುಟ್ಟಿದಾಗಿನಿಂದ ಯಾರೂ ಆ ಹುಡುಗನಲ್ಲಿ ಏನನ್ನೂ ಬೇಡಿರಲಿಲ್ಲ. ಈ ಮಲ್ಲಯ್ಯ ಬೇಡಿದ.

ಹುಡುಗ ಮನೆಗೆ ಓಡಿದ. ಮಾತೇ ಆಡದ ಮಗ ಏದುಸಿರು ಬಿಡುತ್ತ ಬಂದು, ಅವ್ವ, ಮಲ್ಲಯ್ಯ ಬಂದಾನ, ಹಸಿದಾನ ಅಂದದ್ದನ್ನು ಕೇಳಿ ಸುಗ್ಗವ್ವೆಗೆ ಎಷ್ಟು ಸಂತೋಷವಾಗಿರಬೇಕು! ಕಲಸಿ ಕೊಟ್ಟಳು. ಹುಡುಗ ಚೆಲ್ಲದ ಹಾಗೆ ಹಿಡಿದುಕೊಂಡು ಹೊಲಕ್ಕೆ ಬಂದ. ಬದುವಿನ ಮೇಲೆ ಯಾರೂ ಇರಲಿಲ್ಲ.

ಮಲ್ಲಯ್ಯಾ ಎಂದು ಕೂಗಿದ. ಹೊಲದ ತುಂಬ ಓಡಾಡಿದ, ಹಳ್ಳದ ದಂಡೆಗೆ ಹೋದ, ಗಿಡಗಳ ಸಂದಿಯಲ್ಲಿ ನೋಡಿದ. ಇಲ್ಲ. ಸಂಜೆಯಾದರೂ ಮನೆಗೆ ಹೋಗಲಿಲ್ಲ. ಆ ದಾರಿಯಲ್ಲಿ ಶ್ರೀಶೈಲಕ್ಕೆ ಹೊರಟಿದ್ದ ಯಾತ್ರಿಕರ ಗುಂಪೊಂದು ಬಂತು. ಇವನ ಅಳು ನೋಡಿ ವಿಚಾರಿಸಿದರು. ಮಲ್ಲಯ್ಯ ಬೇಕು ಎಂದ. ನಾವು ಹೋಗುವುದೇ ಮಲ್ಲಯ್ಯನಲ್ಲಿಗೆ, ಬಾ ನಮ್ಮ ಜೊತೆ, ತೋರಿಸುತ್ತೇವೆ ಎಂದರು. ಹುಡುಗ ಹಿಂದೆ ಮುಂದೆ ನೋಡದೆ ಅವರ ಬೆನ್ನು ಹತ್ತಿದ.

ಗುಡಿಯ ಮುಂದೆ ನಿಂತಾಗ

ಆ ಯಾತ್ರೆಯಲ್ಲಿ ಉಳಿದವರಿಗೂ ಈ ಹುಡುಗನಿಗೂ ಒಂದು ವ್ಯತ್ಯಾಸವಿತ್ತು. ಅವರು ಕೇಳಿ ತಿಳಿದ ದೇವರನ್ನು ನೋಡಲು ಹೊರಟಿದ್ದರು. ಇವನು ತಾನು ಕಂಡ, ತನ್ನ ಕೈಯ ಕಾಳು ತಿಂದ, ಇನ್ನೂ ಅರೆಹೊಟ್ಟೆಯಲ್ಲಿರುವ ಒಬ್ಬನನ್ನು ಹುಡುಕಿ ಹೊರಟಿದ್ದ.

ಬೆಟ್ಟ ಏರಿದರು, ಪಾತಾಳಗಂಗೆ ಎನಿಸಿದ ಕೃಷ್ಣೆಯಲ್ಲಿ ಮಿಂದರು, ಗುಡಿಗೆ ಬಂದರು. ಲಿಂಗವನ್ನು ತೋರಿಸಿ ಇಗೋ ನೋಡು ನಿನ್ನ ಮಲ್ಲಯ್ಯ ಎಂದರು. ಹುಡುಗ ನೋಡಿದ. ಇದು ಕಲ್ಲು, ನನ್ನ ಮಲ್ಲಯ್ಯ ಮಾತಾಡುತ್ತಾನೆ, ನಗುತ್ತಾನೆ, ಉಣ್ಣುತ್ತಾನೆ, ಇವನಲ್ಲ ಅಂದ. ಜೊತೆಯವರು ಬುದ್ಧಿ ಹೇಳಿದರು, ಗದರಿದರು. ಅವನು ಒಪ್ಪಲಿಲ್ಲ.

ಭಕ್ತಾದಿಗಳು ಇಲ್ಲಿ ತಪ್ಪು ತಿಳಿಯಬಾರದು. ಹುಡುಗ ಲಿಂಗವನ್ನು ಹೀಗಳೆಯಲಿಲ್ಲ. ಇದೇ ಮಲ್ಲಿಕಾರ್ಜುನನ ಹೆಸರನ್ನು ಅವರು ಮುಂದೆ ತಮ್ಮ ಪ್ರತಿಯೊಂದು ವಚನದ ಕೊನೆಗೆ ಇಟ್ಟುಕೊಂಡರು, ತಮ್ಮ ಊರಿನಲ್ಲೂ ಇದೇ ಹೆಸರಿನ ಲಿಂಗ ಸ್ಥಾಪಿಸಿದರು. ಆ ಹೊತ್ತಿನಲ್ಲಿ ಅವನು ಸುಳ್ಳು ಹೇಳಲಿಲ್ಲ, ಅಷ್ಟೇ. ಸುತ್ತಲಿನವರೆಲ್ಲ ಕಂಡೆವು ಕಂಡೆವು ಎಂದು ಕೈಮುಗಿಯುತ್ತಿರುವಾಗ, ತನಗೆ ಕಾಣದ್ದನ್ನು ಕಾಣಲಿಲ್ಲ ಎಂದು ಹೇಳಲು ಎಷ್ಟು ಧೈರ್ಯ ಬೇಕು! ದೊಡ್ಡವರಾದ ನಮಗೆ ಅದು ಆಗುವುದಿಲ್ಲ. ನಾಚಿಕೆಯಾಗುತ್ತದೆ. ಕಂಡವರಂತೆ ನಟಿಸಿ ಹೊರಗೆ ಬರುತ್ತೇವೆ, ಅಲ್ಲಿಗೆ ಹುಡುಕಾಟ ನಿಂತುಹೋಗುತ್ತದೆ. ಹುಡುಗನ ಹುಡುಕಾಟ ನಿಲ್ಲಲಿಲ್ಲ.

ಗುಡಿಯಿಂದ ಹೊರಬಿದ್ದು ನಲ್ಲಮಲೆಯ ಕಾಡಿಗೆ ನುಗ್ಗಿದ. ಈಗ ನಾವು ಬಸ್ಸಿನ ಕಿಟಕಿಯಿಂದ ನೋಡುವ ಕಾಡಲ್ಲ ಅದು. ಇಂದಿಗೂ ಈ ಕಾಡಿನಲ್ಲಿ ಹುಲಿಗಳಿವೆ, ನಾಗಾರ್ಜುನಸಾಗರ ಶ್ರೀಶೈಲ ಹುಲಿ ಸಂರಕ್ಷಿತ ಪ್ರದೇಶವೆಂದೇ ಇದನ್ನು ಕಾಯುತ್ತಾರೆ. ಎಂಟು ಶತಮಾನದ ಹಿಂದೆ ಹೇಗಿದ್ದಿರಬೇಕು! ಮುಳ್ಳು ತರಚಿ, ಕಲ್ಲು ಎಡವಿ, ಗಂಟಲು ಒಣಗುವ ತನಕ ಮಲ್ಲಯ್ಯಾ ಮಲ್ಲಯ್ಯಾ ಎಂದು ಕೂಗುತ್ತ ಹೋದ. ಕೊಳ್ಳಗಳಿಂದ ತನ್ನ ದನಿಯೇ ಮರಳಿ ಬಂತು. ಕೊನೆಗೆ ರುದ್ರಗಮರಿ ಎಂಬ ಆಳವಾದ ಪ್ರಪಾತದ ಅಂಚಿಗೆ ಬಂದ. ಮಲ್ಲಯ್ಯನಿಲ್ಲದ ಮೇಲೆ ಈ ಒಡಲು ಏಕೆ ಎಂದು ಕೆಳಕ್ಕೆ ಧುಮುಕಲು ಹೊರಟ.

ಆಗ ಕೈ ಹಿಡಿದವನು ಮಲ್ಲಯ್ಯ. ಹೊಲದ ಬದುವಿನ ಮೇಲೆ ಬಂದವನೇ, ಅದೇ ಮುಖ, ಅದೇ ನಗು.

ಹುಡುಗ ಮೊದಲು ಕೇಳಿದ್ದು ಮೋಕ್ಷವನ್ನಲ್ಲ, ವರವನ್ನೂ ಅಲ್ಲ. ಉಣ್ಣದೆ ಏಕೆ ಹೋದೆ ಎಂದು ಜಗಳ ತೆಗೆದನೆಂದು ನಮ್ಮ ಕಡೆಯ ಕಥೆ ಹೇಳುವವರು ಸೇರಿಸುತ್ತಾರೆ. ಕಾವ್ಯದಲ್ಲಿ ಹೇಗೇ ಇರಲಿ, ನನಗಂತೂ ಆ ಮಾತು ಸರಿ ಅನ್ನಿಸುತ್ತದೆ. ಮಲ್ಲಿಕಾರ್ಜುನ ಅವನ ಕಣ್ಣೀರು ಒರೆಸಿ, ಜ್ಞಾನ ಕೊಟ್ಟು, ಇಲ್ಲಿ ಕೂರಬೇಡ, ಸೊನ್ನಲಿಗೆಗೆ ಮರಳು, ಅದನ್ನು ಇನ್ನೊಂದು ಶ್ರೀಶೈಲ ಮಾಡು ಎಂದು ಅಪ್ಪಣೆ ಮಾಡಿದ.

ಕೆರೆ, ಗುಡಿ, ಅನ್ನ, ಅರವಟ್ಟಿಗೆ

ದಡ್ಡನೆಂದು ಹೋದವನು ಸಿದ್ಧರಾಮನಾಗಿ ಮರಳಿದ. ಮುಂದಿನ ಕೆಲಸ ನೋಡಿದರೆ ಒಬ್ಬ ಮನುಷ್ಯನಿಂದ ಇಷ್ಟೆಲ್ಲ ಆಯಿತೇ ಎಂದು ಬೆರಗಾಗುತ್ತದೆ. ಕಪಿಲಸಿದ್ಧ ಮಲ್ಲಿಕಾರ್ಜುನ ಎಂಬ ಹೆಸರಿನಲ್ಲಿ ಲಿಂಗವನ್ನು ಪ್ರತಿಷ್ಠಾಪಿಸಿದರು. ಊರಿನ ಸುತ್ತಲೂ 68 ಲಿಂಗಗಳನ್ನು ನಿಲ್ಲಿಸಿದರು. ಬಿಸಿಲ ನಾಡಾದ ಸೊನ್ನಲಿಗೆಯಲ್ಲಿ ನೀರಿನ ಕಷ್ಟ ಕಂಡು ದೊಡ್ಡ ಕೆರೆ ತೋಡಿಸಿದರು. ಹಸಿದು ಬಂದವರಿಗೆ ಅನ್ನ, ಬಾಯಾರಿ ಬಂದವರಿಗೆ ಅರವಟ್ಟಿಗೆ, ಬಡವರ ಮಕ್ಕಳಿಗೆ ಸಾಮೂಹಿಕ ಮದುವೆ. ಸಾವಿರಾರು ಜನ ಗುದ್ದಲಿ, ಬುಟ್ಟಿ ಹಿಡಿದು ಅವರ ಜೊತೆ ದುಡಿಯಲು ನಿಂತರು. ಕೂಲಿಗಾಗಿ ಬಂದವರೂ ಇದ್ದರು, ಭಕ್ತಿಯಿಂದ ಬಂದವರೂ ಇದ್ದರು. ತಾವೇ ಮುಂದೆ ನಿಂತು ಮಣ್ಣು ಹೊತ್ತರು.

ದೇವರು ತನ್ನ ಹತ್ತಿರ ಅನ್ನ ಕೇಳಿದ್ದನ್ನು ಆ ಹುಡುಗ ಮರೆತಿರಲಿಲ್ಲವೆಂದೇ ಇದನ್ನು ನೋಡಬೇಕು. ಬದುವಿನ ಮೇಲೆ ಉಣ್ಣದೆ ಹೋದ ಒಬ್ಬ ಮಲ್ಲಯ್ಯನಿಗಾಗಿ ಸಾವಿರ ಮಲ್ಲಯ್ಯರಿಗೆ ಉಣಿಸಿದರು. ಕರ್ಮಯೋಗಿ ಸಿದ್ಧರಾಮ ಎಂದು ಲೋಕ ಕೊಂಡಾಡಿತು. ಹೆಸರು ಕಲ್ಯಾಣದ ತನಕ, ಅದರಾಚೆಗೂ ಹಬ್ಬಿತು.

ಸಾಮಾನ್ಯವಾಗಿ ಸತ್ಪುರುಷರ ಚರಿತ್ರೆ ಇಲ್ಲಿಗೆ ಮುಗಿಯುತ್ತದೆ. ದೇವರನ್ನು ಕಂಡರು, ಲೋಕಕ್ಕೆ ಉಪಕಾರ ಮಾಡಿದರು, ಮಂಗಳಂ. ಸಿದ್ಧರಾಮರ ಜೀವನದಲ್ಲಿ ನಿಜವಾದ ಕಷ್ಟ ಇಲ್ಲಿಂದಲೇ ಶುರು.

ಅಲ್ಲಮಪ್ರಭುಗಳು ಬಂದರು

ಈ ಭಾಗ ಬರುವುದು ಶೂನ್ಯಸಂಪಾದನೆಯಲ್ಲಿ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನವರು ಶರಣರ ವಚನಗಳನ್ನು ಸಂವಾದದ ರೂಪದಲ್ಲಿ ಜೋಡಿಸಿದ ಗ್ರಂಥ ಅದು. ಅವರ ನಂತರ ಬೇರೆ ಸಂಪಾದನೆಗಳೂ ಬಂದಿವೆ.

ಕೆರೆಯ ಕೆಲಸ ಭರದಿಂದ ಸಾಗಿದ್ದ ಒಂದು ದಿನ ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದರು. ಬಂದವರು ಗುಡಿಗೆ ಹೋಗಿ ಕೈಮುಗಿಯಲಿಲ್ಲ, ಗುರುಗಳ ದರ್ಶನ ಎಲ್ಲಿ ಎಂದು ಕೇಳಲಿಲ್ಲ. ಕೆರೆ ಏರಿಯ ಮೇಲೆ ನಿಂತು, ಗೌರವದ ಯಾವ ಬಿರುದೂ ಹಚ್ಚದೆ, ಈ ಕಲ್ಲು ಮಣ್ಣು ಹೊರುವ ಒಡ್ಡರಾಮ ಎಲ್ಲಿ ಎಂದು ಕೇಳಿದರು. ದುಡಿಯುತ್ತಿದ್ದ ಶಿಷ್ಯರಿಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ಗುರುಗಳಿಗೆ ಹೀಗೆ ಅನ್ನುವುದೇ ಎಂದು ಕೈಗೆ ಸಿಕ್ಕ ಕಲ್ಲು ಬೀಸಿದರು. ಕಲ್ಲು ಅಲ್ಲಮರಿಗೆ ತಾಗದೆ ಸುತ್ತಲೂ ಗುಡ್ಡೆಯಾಗಿ ಬಿದ್ದವಂತೆ. ಸುದ್ದಿ ಸಿದ್ಧರಾಮರಿಗೆ ಮುಟ್ಟಿತು. ಅವರೂ ಸಿಟ್ಟಿನಿಂದಲೇ ಬಂದರು. ಮಾತಿಗೆ ಮಾತು ಬೆಳೆಯಿತು. ಸಿದ್ಧರಾಮರ ಹಣೆಗಣ್ಣು ತೆರೆದು ಬೆಂಕಿ ಹೊರಟಿತು. ಆ ಬೆಂಕಿ ಅಲ್ಲಮರನ್ನು ಸುಡಲಿಲ್ಲ, ಊರನ್ನೇ ಸುಡಲು ಹೊರಟಿತು. ತಾನು ಕಟ್ಟಿದ ಊರು ತನ್ನ ಸಿಟ್ಟಿಗೇ ಉರಿಯುವುದನ್ನು ಸಿದ್ಧರಾಮರು ಕಂಡರು. ಕೊನೆಗೆ ಅಲ್ಲಮಪ್ರಭುಗಳೇ ಆ ಬೆಂಕಿಯನ್ನು ಅಡಗಿಸಿದರು.

ಹಣೆಗಣ್ಣಿನ ಬೆಂಕಿಯನ್ನು ಇಂದಿನವರು ನಂಬಲಿ ಬಿಡಲಿ. ಅದರೊಳಗಿನ ಸಂಗತಿಯನ್ನು ಬಿಡುವ ಹಾಗಿಲ್ಲ. ಚಿಕ್ಕಂದಿನಲ್ಲಿ ಇಡೀ ಊರು ದಡ್ಡ ಎಂದಾಗ ಈ ಮನುಷ್ಯನಿಗೆ ಒಂದಿಷ್ಟೂ ನೋವಾಗಿರಲಿಲ್ಲ. ಈಗ ಯಾರೋ ಒಬ್ಬ ದಾರಿಹೋಕ ಬಿರುದು ಹಚ್ಚದೆ ಕರೆದದ್ದಕ್ಕೆ ಕಣ್ಣಲ್ಲಿ ಬೆಂಕಿ ಬಂತು. ನಡುವೆ ಏನಾಯಿತು? ಪಾಪ ಮಾಡಿದರೇ? ಇಲ್ಲ. ಮೋಸ, ಕಳವು, ಆಸೆ ಯಾವುದೂ ಇಲ್ಲ. ಮಾಡಿದ್ದೆಲ್ಲ ಪುಣ್ಯದ ಕೆಲಸವೇ. ಆ ಪುಣ್ಯದ ಕಲ್ಲುಗಳಿಂದಲೇ ಒಳಗೊಂದು ಗೋಡೆ ಎದ್ದಿತ್ತು. ಕೆರೆ ನನ್ನದು, ಗುಡಿ ನನ್ನದು, ಅನ್ನ ಹಾಕುವವನು ನಾನು. ಮಲ್ಲಯ್ಯ ಗೋಡೆಯ ಆಚೆ ಉಳಿದಿದ್ದ.

ಪಾಪವಾದರೆ ಚುಚ್ಚುತ್ತದೆ, ಹೇಸಿಗೆಯಾಗುತ್ತದೆ, ಬಿಡಬೇಕು ಅನ್ನಿಸುತ್ತದೆ. ಒಳ್ಳೆಯ ಕೆಲಸದ ಅಹಂಕಾರ ಚುಚ್ಚುವುದಿಲ್ಲ, ಅದು ಹಾರ ಹಾಕಿಕೊಂಡು ಕೂತಿರುತ್ತದೆ. ಅದನ್ನು ತೋರಿಸಲು ಹೊರಗಿನವರೊಬ್ಬರು ಬಂದು ಒರಟಾಗಿಯೇ ಮಾತಾಡಬೇಕಾಯಿತು.

ಅಲ್ಲಮಪ್ರಭುಗಳು ಕೆರೆ ಕಟ್ಟುವುದು ತಪ್ಪು ಅಂದರು ಎಂದು ಕೆಲವರು ಅರ್ಥ ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಕೆರೆಯನ್ನು ಒಡೆಯಲು ಅವರು ಹೇಳಲಿಲ್ಲ. ಕಟ್ಟುವವನು ಯಾರು ಎಂದಷ್ಟೇ ಕೇಳಿದರು. ಕೆರೆ ಇವತ್ತಿಗೂ ಸೊಲ್ಲಾಪುರದ ನಡುಮಧ್ಯೆ ಇದೆ.

ಇನ್ನೊಂದು ಮಾತು. ಅಂದು ಗುದ್ದಲಿ ಹಿಡಿದು ಕೆರೆ ತೋಡಿದ ಕಾಯಕದ ಜನರ ವಂಶದವರು ತಾವೆಂದು ಹೆಮ್ಮೆಪಡುವ ಕರ್ನಾಟಕದ ಭೋವಿ ಸಮಾಜದವರು ಸಿದ್ಧರಾಮೇಶ್ವರರನ್ನು ಕುಲಗುರುವೆಂದು ಪೂಜಿಸುತ್ತಾರೆ. ಅಲ್ಲಮರು ಕೆಣಕಲು ಆಡಿದ ಮಾತಿನಲ್ಲಿ ಕೀಳು ಏನೂ ಇರಲಿಲ್ಲವೆಂಬುದನ್ನು ಈ ಜನ ತೋರಿಸಿಕೊಟ್ಟಂತಾಗಿದೆ. ಕಲ್ಲು ಹೊರುವುದು ಅವಮಾನವಾಗಿ ಕೇಳಿಸಿದ್ದೇ ಸಿದ್ಧರಾಮರ ಆಗಿನ ಮನಸ್ಸಿನ ಸ್ಥಿತಿ.

ಕಲ್ಯಾಣದಲ್ಲಿ

ಸಿಟ್ಟು ಇಳಿದ ಮೇಲೆ ಸಿದ್ಧರಾಮರು ಮಾಡಿದ ಕೆಲಸ ಬಹಳ ದೊಡ್ಡದು. ಕೆರೆ, ಗುಡಿ, ಶಿಷ್ಯರು, ಹೆಸರು ಎಲ್ಲವನ್ನೂ ಇದ್ದಲ್ಲಿಯೇ ಬಿಟ್ಟು, ತಮ್ಮನ್ನು ಅವಮಾನಿಸಿದವರ ಹಿಂದೆಯೇ ನಡೆದರು. ಇಬ್ಬರೂ ಕಲ್ಯಾಣಕ್ಕೆ, ಅಂದರೆ ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣಕ್ಕೆ ಬಂದರು. ಬಿಜ್ಜಳ ರಾಜನ ಭಂಡಾರಿಯಾಗಿದ್ದ ಬಸವಣ್ಣನವರ ಸುತ್ತ ಅಲ್ಲಿ ಶರಣರ ಬಳಗವೇ ನೆರೆದಿತ್ತು. ಚಪ್ಪಲಿ ಹೊಲಿಯುವವರು, ದೋಣಿ ನಡೆಸುವವರು, ಬಟ್ಟೆ ಒಗೆಯುವವರು, ಎಲ್ಲರೂ ಅನುಭವ ಮಂಟಪದಲ್ಲಿ ಸಮಾನರು. ಸೊನ್ನಲಿಗೆಯಲ್ಲಿ ಒಬ್ಬರೇ ದೊಡ್ಡವರಾಗಿದ್ದ ಸಿದ್ಧರಾಮರು ಇಲ್ಲಿ ಎಲ್ಲರಲ್ಲಿ ಒಬ್ಬರಾಗಿ ಕುಳಿತರು.

ಅಲ್ಲಿ ಇನ್ನೊಂದು ಪ್ರಶ್ನೆ ಎದ್ದಿತು. ಸಿದ್ಧರಾಮರ ಮೈಮೇಲೆ ಇಷ್ಟಲಿಂಗ ಇರಲಿಲ್ಲ. ಶಿವಯೋಗದಿಂದ ಒಳಗೇ ಲಿಂಗವನ್ನು ಕಂಡವನಿಗೆ ಹೊರಗಿನ ಲಿಂಗ ಏಕೆ ಎಂಬುದು ಅವರ ವಾದ. ಸುಮ್ಮನೆ ತೆಗೆದುಹಾಕುವ ವಾದ ಅಲ್ಲ ಅದು. ಮಲ್ಲಯ್ಯನನ್ನು ಕಣ್ಣಾರೆ ಕಂಡವರು ಅವರು. ಆದರೆ ಒಳಗೆ ಕಂಡಿದ್ದೇನೆ ಎಂಬ ಹೆಮ್ಮೆಯೂ ಒಂದು ಪರದೆಯೇ ಅಲ್ಲವೇ ಎಂಬುದು ಶರಣರ ಮಾತು. ಎಂದೋ ಕಂಡದ್ದನ್ನು ನೆನೆದು ಕೂರುವುದು ಬೇರೆ, ದಿನದಿನವೂ ಅಂಗೈಯಲ್ಲಿ ಹಿಡಿದು ನೋಡುವುದು ಬೇರೆ. ಈ ಚರ್ಚೆ ಸಂಪಾದನೆಯಲ್ಲಿ ದೀರ್ಘವಾಗಿ ನಡೆಯುತ್ತದೆ. ಶಾಸ್ತ್ರದ ವಿಚಾರ ಬಹಳ ಇರುವುದರಿಂದ ಇಲ್ಲಿ ಬಿಟ್ಟಿದ್ದೇವೆ.

ಕಡೆಗೆ ಸಿದ್ಧರಾಮರು ಒಪ್ಪಿ ಚೆನ್ನಬಸವಣ್ಣನವರಿಂದ ದೀಕ್ಷೆ ಪಡೆದರೆಂದು ನಂತರದ ಸಂಪಾದನೆಗಳು ಹೇಳುತ್ತವೆ. ಚೆನ್ನಬಸವಣ್ಣನವರು ಬಸವಣ್ಣನವರ ಅಕ್ಕ ಅಕ್ಕನಾಗಮ್ಮನವರ ಮಗ. ಮಹಾಜ್ಞಾನಿಗಳು, ಆದರೆ ವಯಸ್ಸಿನಲ್ಲಿ ಚಿಕ್ಕವರು. ನಾಡಿಗೆಲ್ಲ ಗುರುವೆನಿಸಿಕೊಂಡವರು ಒಬ್ಬ ತರುಣನ ಮುಂದೆ ತಲೆಬಾಗಿ ಅಂಗೈ ಒಡ್ಡಿದರು. ಹೊಲದಲ್ಲಿ ಕಾಳು ತಿಕ್ಕಿ ಜಂಗಮನಿಗೆ ಕೊಟ್ಟ ಅದೇ ಅಂಗೈಯಲ್ಲಿ ಈಗ ಲಿಂಗ ಬಂದು ಕೂತಿತು. ಬಾಲ್ಯದಲ್ಲಿ ಕಲ್ಲು ಎಂದು ಬಿಟ್ಟು ಹೋಗಿದ್ದನ್ನು ಈಗ ಮಲ್ಲಯ್ಯನೆಂದು ಕಂಡರು.

ಸಿದ್ಧರಾಮರ ವಚನಗಳು ಸಾವಿರಕ್ಕೂ ಹೆಚ್ಚು ಸಿಕ್ಕಿವೆ. ಬಸವಣ್ಣನವರನ್ನು ಸ್ತುತಿಸುವ ತ್ರಿವಿಧಿಗಳನ್ನೂ ರಚಿಸಿದ್ದಾರೆ. ಅವನ್ನು ಓದುವವರಿಗೆ ಎದ್ದು ಕಾಣುವುದು ತಮ್ಮನ್ನು ತಾವೇ ನಿಲ್ಲಿಸಿ ಕೇಳಿಕೊಳ್ಳುವ ರೀತಿ. ಇಷ್ಟು ಕಟ್ಟಿದೆ, ಇಷ್ಟು ಕೊಟ್ಟೆ ಎಂಬ ಲೆಕ್ಕದ ಬದಲು, ನಿನ್ನನ್ನು ಅರಿಯದೆ ಕೆಟ್ಟೆನಲ್ಲ ಎಂಬ ಅಳಲು. ಹೆಣ್ಣನ್ನು ಮಾಯೆ ಎಂದು ದೂರ ಇಡುತ್ತಿದ್ದ ಕಾಲದಲ್ಲಿ ಹೆಣ್ಣಿನಲ್ಲಿ ಸಾಕ್ಷಾತ್ ದೇವರನ್ನೇ ಕಂಡ ಅವರ ವಚನ ನಾಡಿನಲ್ಲಿ ಮನೆಮಾತಾಗಿದೆ.

ಕಲ್ಯಾಣದ ಆ ದಿನಗಳು ಬಹಳ ಕಾಲ ಉಳಿಯಲಿಲ್ಲ. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಆದ ಮದುವೆಯಿಂದ ರಾಜ್ಯದಲ್ಲಿ ಗಲಭೆ ಎದ್ದು, ಆ ಹಿರಿಯರಿಬ್ಬರಿಗೂ ಘೋರ ಶಿಕ್ಷೆಯಾಗಿ, ಬಿಜ್ಜಳನ ಕೊಲೆಯೂ ನಡೆದು, 1167-68ರ ಸುಮಾರಿಗೆ ಶರಣರು ದಿಕ್ಕುದಿಕ್ಕಿಗೆ ಚದುರಿದರು. ಬಸವಣ್ಣನವರು ಕೂಡಲಸಂಗಮಕ್ಕೆ, ಚೆನ್ನಬಸವಣ್ಣನವರು ಉಳವಿಗೆ. ಅಕ್ಕಮಹಾದೇವಿಯವರಂತೆ ಅಲ್ಲಮಪ್ರಭುಗಳೂ ಇದೇ ಶ್ರೀಶೈಲದ ಕದಳಿಯಲ್ಲಿ ಬಯಲಾದರು. ಅಲ್ಲಮರು ಮತ್ತು ಚೆನ್ನಬಸವಣ್ಣನವರ ನಂತರ ಶೂನ್ಯಸಿಂಹಾಸನದ ಮೂರನೆಯ ಪೀಠಾಧ್ಯಕ್ಷರು ಸಿದ್ಧರಾಮರೇ ಎಂದು ಪರಂಪರೆ ಹೇಳುತ್ತದೆ. ಒಂದು ಕಾಲಕ್ಕೆ ಬಾಗಿಲ ಹೊರಗೆ ನಿಂತು ವಾದ ಮಾಡಿದವರು ಆ ಪೀಠದಲ್ಲಿ ಕುಳಿತರು.

ಮರಳಿ ಸೊನ್ನಲಿಗೆ

ಕಡೆಯ ದಿನಗಳನ್ನು ಕಳೆಯಲು ಸೊನ್ನಲಿಗೆಗೇ ಬಂದರು. ಕೆರೆ ತುಂಬಿತ್ತು, ಗುಡಿ ಇತ್ತು, ಜನ ಅದೇ ಪ್ರೀತಿಯಿಂದ ಬಂದರು. ಕೆಲಸ ನಿಲ್ಲಲಿಲ್ಲ. ಹೊರಗಿನಿಂದ ನೋಡಿದವರಿಗೆ ಮೊದಲಿನ ಸಿದ್ಧರಾಮರಿಗೂ ಈಗಿನವರಿಗೂ ಏನೂ ವ್ಯತ್ಯಾಸ ಕಂಡಿರಲಿಕ್ಕಿಲ್ಲ. ಅಲ್ಲಿಯೇ ಸಮಾಧಿಯಾದರು.

ಅವರನ್ನು ಕುರಿತು ಸೊಲ್ಲಾಪುರದಲ್ಲಿ ಇಂದಿಗೂ ಆಚರಣೆಯಲ್ಲಿರುವ ಒಂದು ಕಥೆಯನ್ನು ಹೇಳಲೇಬೇಕು. ಗುಡಿಯ ಅಂಗಳವನ್ನು ದಿನವೂ ಸಾರಿಸಿ ರಂಗೋಲಿ ಹಾಕುತ್ತಿದ್ದ ಕುಂಬಾರರ ಹುಡುಗಿಯೊಬ್ಬಳು ಸಿದ್ಧರಾಮರನ್ನೇ ಮದುವೆಯಾಗುತ್ತೇನೆಂದು ಹಠ ಹಿಡಿದಳಂತೆ. ತಾವು ಲಿಂಗಕ್ಕೆ ಒಪ್ಪಿಸಿಕೊಂಡವರು ಎಂದರೂ ಅವಳು ಕೇಳಲಿಲ್ಲ. ಗದರಿ ಕಳಿಸಲು ಸಿದ್ಧರಾಮರಿಗೆ ಮನಸ್ಸು ಬರಲಿಲ್ಲ. ಒಬ್ಬನೇ ಮಲ್ಲಯ್ಯನ ಹಠ ಹಿಡಿದು ಕಾಡು ಸುತ್ತಿದವರಿಗೆ ಆ ಹಠದ ಅರ್ಥ ಗೊತ್ತಿತ್ತು. ತಮ್ಮ ಯೋಗದಂಡದ ಜೊತೆ ಮದುವೆಯಾಗಲು ಹೇಳಿದರು. ಅವಳು ಅದನ್ನೇ ವರಿಸಿದಳು.

ಆ ಮದುವೆ ಪ್ರತಿ ವರ್ಷ ಸಂಕ್ರಾಂತಿಗೆ ಸೊಲ್ಲಾಪುರದಲ್ಲಿ ನಡೆಯುತ್ತದೆ. ಗಡ್ಡಾ ಯಾತ್ರೆ ಎಂದೇ ಪ್ರಸಿದ್ಧಿ. ಬಿಳಿ ಬಟ್ಟೆ ತೊಟ್ಟ ಭಕ್ತರು ಮುಗಿಲೆತ್ತರದ 7 ನಂದಿಧ್ವಜಗಳನ್ನು ಹೊತ್ತು ನಡೆಯುತ್ತಾರೆ. ಭೋಗಿಯ ದಿನ ಊರಿನ ಸುತ್ತ ಇರುವ 68 ಲಿಂಗಗಳಿಗೆ ಎಣ್ಣೆ ಮಜ್ಜನ. ಮರುದಿನ ಸಮ್ಮತಿ ಕಟ್ಟೆಯಲ್ಲಿ ಅಕ್ಷತೆ ಬೀಳುತ್ತದೆ. ನಂತರ ಹೋಮ, ಮದ್ದು ಸುಡುವ ಉತ್ಸವ. ಕನ್ನಡಿಗರು, ಮರಾಠಿಗರು, ತೆಲುಗರು ಎಲ್ಲರೂ ಸೇರುತ್ತಾರೆ. ಕರ್ನಾಟಕದಲ್ಲೂ ಸರ್ಕಾರದ ವತಿಯಿಂದ ಜನವರಿಯಲ್ಲಿ ಸಿದ್ಧರಾಮೇಶ್ವರ ಜಯಂತಿ ಆಚರಿಸುತ್ತಾರೆ.

ಶ್ರೀಶೈಲ ಯಾತ್ರೆ ಮುಗಿಸಿ ವಿಜಯಪುರ, ಕಲಬುರಗಿ ಕಡೆಗೆ ಮರಳುವ ಭಕ್ತರು ಅನುಕೂಲವಿದ್ದರೆ ಸೊಲ್ಲಾಪುರಕ್ಕೂ ಒಂದು ದಿನ ಇಟ್ಟುಕೊಳ್ಳಬಹುದು. ವಿಜಯಪುರದಿಂದ ಸುಮಾರು 100 ಕಿ.ಮೀ. ದೂರ, ಬಸ್ಸು ರೈಲು ಎರಡೂ ಇವೆ. ಹಳೆಯ ಕೋಟೆಯ ಮಗ್ಗುಲಲ್ಲೇ ಕೆರೆ, ಕೆರೆಯ ನೀರಿನ ನಡುವೆ ಸಿದ್ಧೇಶ್ವರ ಗುಡಿ, ಗುಡಿಯ ಅಂಗಳದಲ್ಲಿ ಶಿವಯೋಗಿಗಳ ಸಮಾಧಿ. ಬೆಳಗಿನ ಹೊತ್ತು ಹೋದರೆ ಗದ್ದಲ ಕಡಿಮೆ.